ಇಳಿತದ ಕೊನೆಯ ಎರಡು ಗಂಟೆ: ಪೊಟೋಮ್ಯಾಕ್ ನದಿಯ ಬಾಸ್ ಮೀನು

ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಮಗ್ಗುಲಲ್ಲಿ ಹರಿಯುವ ಪೊಟೋಮ್ಯಾಕ್ ನದಿಯ ನೀರು ಅಲ್ಲಿ ಸಿಹಿ. ಕಡಲು ಬಹಳ ದೂರ. ಆದರೂ ಚೆಸಪೀಕ್ ಕೊಲ್ಲಿಯಿಂದ ಹೊರಟ ಉಬ್ಬರ ನಗರದ ಮೇಲ್ಗಡೆಯ ಲಿಟಲ್ ಫಾಲ್ಸ್ ಎಂಬ ಬಂಡೆಗಳ ಇಳುಕಲಿನ ತನಕ ಬರುತ್ತದೆ. ದಿನಕ್ಕೆ ಎರಡು ಸಲ ನೀರು ಸುಮಾರು 3 ಅಡಿ ಏರಿ ಇಳಿಯುತ್ತದೆ. ಇಲ್ಲಿ ದೊಡ್ಡ ಬಾಯಿಯ ಬೇಟೆಗಾರ ಮೀನಾದ ಲಾರ್ಜ್‌ಮೌತ್ ಬಾಸ್ ಹಿಡಿಯಬೇಕೆಂದರೆ ಪೆಟ್ಟಿಗೆ ತೆರೆದು ಲ್ಯೂರ್ (ಬೇಟೆಯಂತೆ ತೋರುವ ಕೃತಕ ಎರೆ) ಆರಿಸುವ ಮುಂಚೆ ಒಂದು ವಿಷಯ ಗೊತ್ತಿರಬೇಕು: ಈಗ ನೀರು ಯಾವ ಕಡೆ ಹರಿಯುತ್ತಿದೆ, ಇನ್ನೆಷ್ಟು ಹೊತ್ತು ಹರಿಯುತ್ತದೆ?

ಮೂರು ಅಡಿ ಎಂದರೆ ಅಲ್ಪ ಅನ್ನಿಸಬಹುದು. ಆದರೆ ಬಾಸ್ ಬದುಕುವ ಜೊಂಡಿನ ಬಯಲುಗಳಲ್ಲಿ ಇರುವುದೇ ಮೂರು ನಾಲ್ಕಡಿ ನೀರು. ಉಬ್ಬರದಲ್ಲಿ ಚಿಕ್ಕ ಮೀನುಗಳು ಗಿಡಗಳ ಒಳಕ್ಕೆ, ದೋಣಿ ಕಟ್ಟುವ ಮರದ ಜೆಟ್ಟಿಗಳ ಕೆಳಕ್ಕೆ ಚದುರುತ್ತವೆ, ಬಾಸ್ ಕೂಡ ಅವುಗಳ ಹಿಂದೆ ಹೋಗುತ್ತದೆ. ಆಗ ಎಲ್ಲಿ ಹುಡುಕುವುದು? ನೀರು ಇಳಿಯತೊಡಗಿದ ಮೇಲೆ ಎಲ್ಲವೂ ಹೊರಗೆ ಬರಲೇಬೇಕು. ಬಾಸ್ ಗಿಡಗಳ ಹೊರ ಅಂಚಿಗೆ, ಚಿಕ್ಕ ತೊರೆಗಳ ಬಾಯಿಗೆ, ಬಯಲು ಸಟ್ಟನೆ ಆಳಕ್ಕಿಳಿಯುವ ಜಾಗಕ್ಕೆ ಸರಿದು, ಹರಿವಿಗೆ ಮುಖ ಮಾಡಿ ಕಾಯುತ್ತದೆ. ಇಳಿತದ ಕೊನೆಯ ಎರಡು ಗಂಟೆಗಳನ್ನು ಇಲ್ಲಿನ ಗಾಳಗಾರರು ಬಿಟ್ಟುಕೊಡದಿರುವುದು ಇದಕ್ಕೇ.

ಆ ಗಿಡಗಳಲ್ಲಿ ಮುಖ್ಯವಾದದ್ದು ನಮಗೆ ಶಾಲೆಯಿಂದಲೇ ಪರಿಚಯ. ದ್ಯುತಿಸಂಶ್ಲೇಷಣೆಯ ಪ್ರಯೋಗಕ್ಕೆ ಬೀಕರಿನಲ್ಲಿ ಮುಳುಗಿಸುತ್ತಿದ್ದ ಹೈಡ್ರಿಲ್ಲಾ! ನಮ್ಮ ಕೆರೆಗಳಲ್ಲೂ ಬೆಳೆಯುವ ಈ ಗಿಡ ಪೊಟೋಮ್ಯಾಕ್‌ನಲ್ಲಿ ಕಾಣಿಸಿಕೊಂಡದ್ದು 1980ರ ದಶಕದ ಆರಂಭದಲ್ಲಿ. ಹೊರಗಿಂದ ಬಂದ ಕಳೆ, ದೋಣಿಗಳಿಗೆ ಕಾಟ, ನಿಜ. ಆದರೆ ಬಾಸ್ ಮರಿಗಳಿಗೆ ಅದೇ ಆಸರೆಯಾಯಿತು.

ಉಬ್ಬರವಿಳಿತದ ಪಟ್ಟಿಯನ್ನು ಓದುವಾಗ ಎರಡು ಕಡೆ ಎಡವುತ್ತಾರೆ. ಮೊದಲನೆಯದು ಜಾಗದ ಲೆಕ್ಕ. ಉಬ್ಬರ ನದಿಯಲ್ಲಿ ಮೇಲಕ್ಕೆ ಸಾಗುವ ಅಲೆ. ಆದ್ದರಿಂದ ಕೆಳಗಿನ ತೊರೆ ಅಕ್ವಾಯಾ ಕ್ರೀಕ್‌ನಲ್ಲಿ ಇಳಿತ ಮುಗಿದಾಗ ಮೇಲಿನ ಮ್ಯಾಟವುಮನ್ ಕ್ರೀಕ್‌ನಲ್ಲಿ ಇನ್ನೂ ಇಳಿಯುತ್ತಿರುತ್ತದೆ. ಕೆಳಗೆ ಶುರುಮಾಡಿ ದೋಣಿಯಲ್ಲಿ ಮೇಲಕ್ಕೆ ಹೋದರೆ ಅದೇ ಒಳ್ಳೆಯ ಹೊತ್ತು ಮತ್ತೊಮ್ಮೆ ಸಿಗುತ್ತದೆ. ಎರಡನೆಯದು ಗಾಳಿ. ವಾಯವ್ಯದಿಂದ ಜೋರು ಗಾಳಿ ಬೀಸಿದರೆ ನೀರು ಪಟ್ಟಿಯಲ್ಲಿ ಹೇಳಿದ್ದಕ್ಕಿಂತ ಕೆಳಗಿಳಿಯುತ್ತದೆ. ಬಯಲಿನ ಒಳಗಿದ್ದ ದೋಣಿ ಕೆಸರಿನಲ್ಲಿ ಕೂತರೆ ಮುಂದಿನ ಉಬ್ಬರದ ತನಕ ಅಲ್ಲೇ ಕಾಯಬೇಕಾದೀತು.

ಇನ್ನು ಲ್ಯೂರ್. ಬಾಸ್ ಬೇಟೆಯನ್ನು ಕಚ್ಚಿ ಹಿಡಿಯುವುದಕ್ಕಿಂತ ಹೆಚ್ಚಾಗಿ ಹೀರಿಕೊಳ್ಳುತ್ತದೆ. ಬಾಯಿ ಹಠಾತ್ತನೆ ಹಿಗ್ಗಿ, ಒಳಗೆ ಒತ್ತಡ ಕುಸಿದು, ನೀರಿನ ಜೊತೆ ಬೇಟೆಯೂ ಒಳಗೆ ನುಗ್ಗುತ್ತದೆ. ಆದರೆ ಬಾಯಿಯ ಅಗಲದಷ್ಟು ದೂರ ದಾಟಿದರೆ ಈ ಸೆಳೆತ ಬಹುಮಟ್ಟಿಗೆ ಇಲ್ಲ. ಹಾಗಾಗಿ ಲ್ಯೂರ್ ಅದರ ಮೂತಿಯ ಹತ್ತಿರವೇ ಹಾಯಬೇಕು. ಹರಿವಿನ ಮೇಲ್ಭಾಗಕ್ಕೆ ಎಸೆದು, ನೀರು ತರುವ ದಾರಿಯಲ್ಲೇ ಕೆಳಗೆ ತನ್ನಿ. ಹರಿವಿನ ಎದುರು ಎಳೆದ ಲ್ಯೂರ್ ಮೀನಿನ ಬೆನ್ನ ಹಿಂದಿನಿಂದ ಬರುತ್ತದೆ. ಸಹಜವಾದ ಬೇಟೆ ಹಾಗೆ ಬರುವುದು ಅಪರೂಪ.

ಇಳಿತ ಜೋರಾಗಿದ್ದು ನೀರು ಕದಡಿದ್ದರೆ, ಎಳೆದಾಗ ಲೋಹದ ತಗಡಿನಿಂದ ಅದುರುವ ಸ್ಪಿನ್ನರ್‌ಬೈಟ್ ಅಥವಾ ಚಾಟರ್‌ಬೈಟ್ ಹಾಕಿ. ಮೀನಿನ ಪಕ್ಕೆಯ ಉದ್ದಕ್ಕೂ ಇರುವ ಪಾರ್ಶ್ವರೇಖೆ ಆ ಅದುರುವಿಕೆಯನ್ನು ಹಿಡಿಯುತ್ತದೆ. ಬಿದ್ದ ಮರ, ಜೆಟ್ಟಿಯ ಕಂಬಗಳಿದ್ದಲ್ಲಿ ಟೆಕ್ಸಸ್ ರಿಗ್ ಮಾಡಿದ, ಅಂದರೆ ಕೊಕ್ಕೆಯ ಮೊನೆಯನ್ನು ಮೈಯೊಳಗೇ ಹುದುಗಿಸಿದ 5 ಇಂಚಿನ ಪ್ಲಾಸ್ಟಿಕ್ ಹುಳು, ಮುಂದೆ 5ರಿಂದ 7 ಗ್ರಾಂ ತೂಕದ ಗುಂಡು. ಗುಂಡು ತೀರಾ ಹಗುರವಾದರೆ ಹರಿವು ಅದನ್ನು ತಳ ಮುಟ್ಟುವ ಮುಂಚೆಯೇ ಕೊಚ್ಚಿಕೊಂಡು ಹೋಗುತ್ತದೆ. ಉಬ್ಬರ ತುಂಬಿ ಗಿಡ ಮುಚ್ಚಿದಾಗ ಟೊಳ್ಳು ರಬ್ಬರ್ ಕಪ್ಪೆ ಒಳ್ಳೆಯದು. ಬಣ್ಣಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಬಾಸ್ ಕಣ್ಣಿನಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಎರಡೇ ಬಗೆ, ಕೆಂಪಿಗೆ ಮತ್ತು ಹಸಿರಿಗೆ. ಕಪ್ಪು ಮತ್ತು ಕಡುನೀಲಿ ಅದಕ್ಕೆ ಹೆಚ್ಚುಕಡಿಮೆ ಒಂದೇ.

ಫ್ಲೈ ಮೀನುಗಾರಿಕೆಯ ಭೌತಶಾಸ್ತ್ರ ಬೇರೆ. ಲ್ಯೂರ್ ತನ್ನ ತೂಕದಿಂದಲೇ ದಾರವನ್ನು ಎಳೆದುಕೊಂಡು ಹಾರುತ್ತದೆ. ಗರಿ, ಜಿಂಕೆ ಕೂದಲಿನಿಂದ ಕಟ್ಟಿದ ಹಗುರ ಕೃತಕ ಎರೆಯಾದ ಫ್ಲೈಗೆ ಅಂಥ ತೂಕವಿಲ್ಲ, ಅದನ್ನು ಒಯ್ಯುವುದು ದಾರದ ತೂಕ. 8ನೇ ನಂಬರಿನ ದಾರದ ಮೊದಲ 30 ಅಡಿ ಸುಮಾರು 13.6 ಗ್ರಾಂ ತೂಗುತ್ತದೆ, 5ನೇ ನಂಬರಿನದು 9 ಗ್ರಾಂ. ಟ್ರೌಟ್‌ಗೆಂದು ಕೊಂಡ 5ನೇ ನಂಬರಿನ ದಾರಕ್ಕೆ ಹೊಂದುವ ರಾಡ್‌ನಲ್ಲಿ ಪಾಪರ್ ಎಂಬ ದಪ್ಪ ತೇಲುವ ಫ್ಲೈ ಎಸೆಯಲು ಹೋದವರಿಗೆ ಅದು ನಡುದಾರಿಯಲ್ಲೇ ಕುಸಿದು ಬೀಳುತ್ತದೆ. 9 ಅಡಿಯ 8ನೇ ನಂಬರಿನ ರಾಡ್, ತೂಕವೆಲ್ಲ ಮುಂದಿರುವ ತೇಲುವ ದಾರ, ಏಳೂವರೆ ಅಡಿ ಲೀಡರ್ (ದಾರಕ್ಕೂ ಫ್ಲೈಗೂ ನಡುವಿನ ತೆಳು ಎಳೆ), ಅದರ ತುದಿಗೆ 6-7 ಕಿಲೋ ತಡೆಯುವ ಎಳೆ ಇರಲಿ. ಲೀಡರ್ ಉದ್ದವಾದರೆ ದಪ್ಪ ಫ್ಲೈ ಗಾಳಿಗೆ ತಿರುಗಿ ಎಳೆ ಹುರಿಗಟ್ಟುತ್ತದೆ.

ಗಿಡಗಳ ಮೇಲೆ ಡಾಲ್ಬರ್ಗ್ ಡೈವರ್ ಎಂಬ ಫ್ಲೈ ಒಳ್ಳೆಯದು. ಎಳೆದಾಗ ಗುಳುಕ್ ಎಂದು ಮುಳುಗಿ, ಬಿಟ್ಟಾಗ ಮೇಲೇಳುತ್ತದೆ. ಬಿದ್ದ ಕೂಡಲೇ ಎಳೆಯಬೇಡಿ, ನೀರಿನ ಉಂಗುರಗಳು ಮಾಯವಾಗುವ ತನಕ ತಾಳಿ. ಇಳಿತದ ಅಂಚಿನ ಆಳಕ್ಕೆ ಕ್ಲೌಸರ್ ಮಿನ್ನೋ ಎಂಬ ಫ್ಲೈ. ಅದರ ಡಂಬೆಲ್ ಆಕಾರದ ಲೋಹದ ಕಣ್ಣುಗಳ ಭಾರಕ್ಕೆ ಕೊಕ್ಕೆ ತಿರುವುಮುರುವಾಗಿ ಮೊನೆ ಮೇಲಾಗಿ ಸಾಗುವುದರಿಂದ ತಳದ ಕಸಕ್ಕೆ ಸಿಕ್ಕಿಕೊಳ್ಳುವುದು ಕಡಿಮೆ.

ಮೀನು ಕಚ್ಚಿತೆಂದು ರಾಡ್ ಎತ್ತುವುದೇ ಹೆಚ್ಚಿನವರು ಮೀನು ಕಳೆದುಕೊಳ್ಳುವ ಗಳಿಗೆ. ಬಳುಕುವ ರಾಡ್ ಏಟನ್ನು ನುಂಗಿಬಿಡುತ್ತದೆ, ಬಾಸ್‌ನ ಗಟ್ಟಿ ದವಡೆಗೆ ಕೊಕ್ಕೆ ಇಳಿಯುವುದಿಲ್ಲ. ರಾಡಿನ ತುದಿ ನೀರಿನತ್ತಲೇ ಇರಲಿ, ಎಡಗೈಯಿಂದ ದಾರವನ್ನು ನೇರವಾಗಿ, ಬಲವಾಗಿ ಜಗ್ಗಿ. ಆಮೇಲೆ ರಾಡ್ ಎತ್ತಿದರಾಯಿತು.

ಜಗ್ಗಿದ ಮೇಲೆ ಸಿಕ್ಕಿದ್ದು ಬಾಸ್ ಅಲ್ಲದೆಯೂ ಇರಬಹುದು. 2004ರಿಂದ ಈ ನದಿಯಲ್ಲಿ ನಾರ್ದರ್ನ್ ಸ್ನೇಕ್‌ಹೆಡ್ ಇದೆ. ನಮ್ಮ ಮುರ್ರೆಲ್‌ಗಳ ಕುಲದ್ದೇ ಮೀನು, ಅದೇ ಗಿಡಗಳ ನಡುವೆ ಅದೇ ಕಪ್ಪೆಗೆ ಎರಗುತ್ತದೆ. ನದಿಯ ಒಂದು ದಡದ ರಾಜ್ಯವಾದ ಮೇರಿಲ್ಯಾಂಡ್‌ನಲ್ಲಿ ಅದನ್ನು ಜೀವಂತ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ.

ಇಳಿತ ಮುಗಿದು ನೀರು ಪೂರ್ತಿ ನಿಂತಾಗ ಬಾಸ್ ಬಾಯಿ ಮುಚ್ಚಿದಂತೆಯೇ. ಆಗಲೂ ಗಾಳ ಹಾಕಲೇಬೇಕೆಂದರೆ ತೂಕವಿಲ್ಲದ ಹುಳುವನ್ನು ಕಂಬಕ್ಕೆ ತಾಗುವಂತೆ ಬಿಟ್ಟು, ನಿಧಾನಕ್ಕೆ ಮುಳುಗಲು ಬಿಡಿ. ಇಲ್ಲವಾದರೆ ಆ ಅರ್ಧ ಗಂಟೆಯನ್ನು ಬಯಲು ನೋಡುವುದಕ್ಕೆ ಕೊಡಿ. ತಗ್ಗು ನೀರಿನಲ್ಲಿ ಹೊರಬಿದ್ದ ಮರದ ಬೊಡ್ಡೆ, ಕೆಸರಿನಲ್ಲಿ ಕೊರೆದ ಕಾಲುವೆ, ಹೈಡ್ರಿಲ್ಲಾ ನಡುವಿನ ಸಂದು ಎಲ್ಲವನ್ನೂ ಗುರುತು ಹಾಕಿಕೊಳ್ಳಿ. ಉಬ್ಬರ ಏರಿ ಅವು ಮರೆಯಾದಾಗ ಬಾಸ್ ನಿಲ್ಲುವುದು ಅಲ್ಲಿಯೇ.