ಡಿಎಪಿ ಚೀಲದಲ್ಲಿ 18 ಮತ್ತು 46 ಕಳೆದು ಉಳಿದ 36 ಏನು?

ಪ್ರಶ್ನೆ: ಡಿಎಪಿ (ಡೈ ಅಮೋನಿಯಂ ಫಾಸ್ಫೇಟ್) ಗೊಬ್ಬರದ ಚೀಲದ ಮೇಲೆ 18-46-0 ಎಂದು ಬರೆದಿರುತ್ತದೆ. ಕೂಡಿದರೆ 64. ಹಾಗಾದರೆ ನೂರು ಕಿಲೋದಲ್ಲಿ ಉಳಿದ 36 ಕಿಲೋ ಏನು? ಸುಮ್ನೆ ತೂಕಕ್ಕೆ ಮಣ್ಣು ಬೆರೆಸಿರುತ್ತಾರಾ?

ಉತ್ತರ: ಮಣ್ಣಲ್ಲ. ಆದರೆ ನಿಜವಾಗಿ ಉಳಿಯುವುದು 36ಕ್ಕಿಂತ ಇನ್ನೂ ಜಾಸ್ತಿ ನೋಡಿ!

18 ಎನ್ನುವುದು ಸಾರಜನಕ, ಕೊನೆಯ 0 ಪೊಟ್ಯಾಷ್, ಅವುಗಳಲ್ಲಿ ಗೊಂದಲ ಇಲ್ಲ. 46 ಮಾತ್ರ ಬರೀ ರಂಜಕ (ಫಾಸ್ಫರಸ್) ಅಲ್ಲ. ಅದು ರಂಜಕ, ಆಮ್ಲಜನಕ ಸೇರಿದ ಫಾಸ್ಫರಸ್ ಪೆಂಟಾಕ್ಸೈಡ್ ಎಂಬ ವಸ್ತುವಿನ ಲೆಕ್ಕ. ತಮಾಷೆ ಏನೆಂದರೆ, ಆ ವಸ್ತು ಚೀಲದೊಳಗೆ ಇರುವುದೇ ಇಲ್ಲ. 19ನೇ ಶತಮಾನದ ರಸಾಯನ ತಜ್ಞರು ಎಲ್ಲವನ್ನೂ ಆಕ್ಸೈಡ್ ರೂಪದಲ್ಲಿ ಬರೆದಿಡುತ್ತಿದ್ದರು. ಗೊಬ್ಬರದ ವ್ಯಾಪಾರ ಅದನ್ನು ಇವತ್ತಿಗೂ ಬಿಟ್ಟಿಲ್ಲ. ನಿಜವಾದ ರಂಜಕ ಬೇಕೆಂದರೆ 0.44ರಿಂದ ಗುಣಿಸಿ. 46 ಇದ್ದದ್ದು ಸುಮಾರು 20ಕ್ಕೆ ಇಳಿಯುತ್ತದೆ.

ಅಂದರೆ 36 ಅಲ್ಲ, 62 ಕಿಲೋಗೆ ಲೆಕ್ಕ ಕೊಡಬೇಕು. ಅದರಲ್ಲಿ ದೊಡ್ಡ ಪಾಲು ಆಮ್ಲಜನಕ, ಒಂದಿಷ್ಟು ಜಲಜನಕ. ಇದನ್ನು ಕಲಬೆರಕೆ ಅನ್ನುವ ಹಾಗಿಲ್ಲ. ಗಿಡದ ಬೇರು ಎಳೆದುಕೊಳ್ಳುವುದೇ ಆಮ್ಲಜನಕದ ಜೊತೆ ಸೇರಿದ ರಂಜಕವನ್ನು, ಅಂದರೆ ಫಾಸ್ಫೇಟನ್ನು. ಬರೀ ರಂಜಕ ತುಂಬಿ ಕೊಡೋಣ ಎಂದರೆ, ಬಿಳಿ ರಂಜಕ ಗಾಳಿ ತಾಕಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ.

ಆದರೂ ಪೂರ್ತಿ ಶುದ್ಧ ಡಿಎಪಿ ಆಗಿದ್ದರೆ ಚೀಲದ ಮೇಲೆ ಸುಮಾರು 21-54 ಇರಬೇಕಿತ್ತು. ಕಡಿಮೆ ಯಾಕೆ ಎಂದು ತಿಳಿಯಲು ಕಾರ್ಖಾನೆಯೊಳಗೆ ಹೋಗಬೇಕು.

ಗಣಿಯಿಂದ ಬರುವ ಫಾಸ್ಫೇಟ್ ಕಲ್ಲಿನಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್, ಫ್ಲೋರಿನ್ ಒಟ್ಟಿಗೆ ಗಟ್ಟಿಯಾಗಿ ಕೂತಿರುತ್ತವೆ. ನೀರಿಗೆ ಹಾಕಿದರೆ ಕರಗುವುದೇ ಕಷ್ಟ. ಅದಕ್ಕೆ ಕಲ್ಲನ್ನು ಪುಡಿ ಮಾಡಿ ಸಲ್ಫ್ಯೂರಿಕ್ ಆಮ್ಲ ಸುರಿಯುತ್ತಾರೆ. ಆಮ್ಲದ ಸಲ್ಫೇಟ್ ಕ್ಯಾಲ್ಸಿಯಂ ಜೊತೆ ಸೇರಿ ಜಿಪ್ಸಂ ಆಗುತ್ತದೆ, ಫಾಸ್ಫಾರಿಕ್ ಆಮ್ಲ ಬೇರೆಯಾಗುತ್ತದೆ. ಒಂದು ಟನ್ ಪೆಂಟಾಕ್ಸೈಡ್ ಲೆಕ್ಕದ ಆಮ್ಲಕ್ಕೆ ಸುಮಾರು 5 ಟನ್ ಜಿಪ್ಸಂ! ಕಲ್ಲಿನಲ್ಲಿದ್ದ, ವಿಕಿರಣ ಸೂಸುವ ರೇಡಿಯಂ ಇದರಲ್ಲೇ ಉಳಿಯುವುದರಿಂದ ಎಲ್ಲ ಕಡೆ ಬಳಸಲೂ ಆಗದೆ, ಕಾರ್ಖಾನೆಗಳ ಪಕ್ಕ ಗುಡ್ಡದ ಹಾಗೆ ಬಿದ್ದಿರುತ್ತದೆ. ನನ್ನ ಮಟ್ಟಿಗೆ ಈ ಉದ್ಯಮದ ದೊಡ್ಡ ತಲೆನೋವು ಇದೇ.

ಆಮ್ಲಕ್ಕೆ ಅಮೋನಿಯಾ ಸೇರಿಸಿ, ಕಾಳು ಮಾಡಿ, ಒಣಗಿಸಿದರೆ ಡಿಎಪಿ. ಕಲ್ಲಿನ ಕಬ್ಬಿಣ, ಅಲ್ಯೂಮಿನಿಯಂ, ಮೆಗ್ನೀಸಿಯಂ ಆಮ್ಲದ ಜೊತೆ ಇಲ್ಲಿವರೆಗೂ ಬರುತ್ತವೆ. ಕೆಲವು ಕಲ್ಲುಗಳಿಂದ ಚೂರು ಕ್ಯಾಡ್ಮಿಯಂ ಕೂಡ. ಅಂಕಿ ಇಳಿಯುವುದು ಹೀಗೆ.

ಸಿಂಗಲ್ ಸೂಪರ್ ಫಾಸ್ಫೇಟ್ ಎಂಬ ಇನ್ನೊಂದು ಗೊಬ್ಬರದ ಕಥೆ ಬೇರೆ. 1842ರಲ್ಲಿ ಇಂಗ್ಲೆಂಡಿನ ಜಾನ್ ಬೆನೆಟ್ ಲಾಸ್ ಪೇಟೆಂಟ್ ಪಡೆದ ದಾರಿ ಇದು. ಆಮ್ಲ ಕಡಿಮೆ ಹಾಕುತ್ತಾರೆ, ಜಿಪ್ಸಂ ತೆಗೆಯುವುದಿಲ್ಲ. ಹಾಗಾಗಿ ಚೀಲದ ಮೇಲೆ 16ರಿಂದ 20 ಮಾತ್ರ. 16 ಇದ್ದರೆ ನಿಜವಾದ ರಂಜಕ 7 ಕಿಲೋ. ಆದರೆ ಜಿಪ್ಸಂ ಉಳಿದಿದ್ದರಿಂದ ನೂರು ಕಿಲೋಗೆ 11-12 ಕಿಲೋ ಗಂಧಕವೂ ಹೊಲಕ್ಕೆ ಹೋಗುತ್ತದೆ. ಚೀಲದ ಮೇಲಿನ ಆ ಮೂರು ಅಂಕಿಗಳಲ್ಲಿ ಗಂಧಕಕ್ಕೆ ಜಾಗವೇ ಇಲ್ಲ, ಅಷ್ಟೇ.