ಮೂಗಿನ ಜೀವಕೋಶ ಬೆನ್ನುಹುರಿಗೆ

ಗಾಡಿ ಗುದ್ದಿ ಸೊಂಟ ಬಿದ್ದುಹೋದ ನಾಯಿ ಮುಂಗಾಲ ಮೇಲೇ ಮೈ ಎಳೆದುಕೊಂಡು ಹೋಗುವುದನ್ನು ನೀವೂ ನೋಡಿರುತ್ತೀರಿ. ಕಾಲಿನ ಮೂಳೆ ಮುರಿದರೆ ಕೂಡುತ್ತದೆ. ಬೆನ್ನುಹುರಿ ಹಾಗಲ್ಲ, ಅದರ ನರದ ಎಳೆ ತುಂಡಾದರೆ ತಾನಾಗಿ ಮತ್ತೆ ಬೆಳೆದು ಸೇರಿಕೊಳ್ಳುವುದಿಲ್ಲ.

ಡ್ಯಾಷುಂಡ್ ನಾಯಿಗಂತೂ ಅಪಘಾತವೇ ಬೇಕಿಲ್ಲ. ಬೆನ್ನುಮೂಳೆಗಳ ನಡುವಿನ ಡಿಸ್ಕು ಈ ತಳಿಯಲ್ಲಿ ಚಿಕ್ಕ ವಯಸ್ಸಿಗೇ ಗಟ್ಟಿಯಾಗುತ್ತದೆ, ಸೋಫಾದಿಂದ ಜಿಗಿದಾಗ ಅದು ಒಡೆದು ತಿರುಳು ಬೆನ್ನುಹುರಿಯನ್ನು ಒತ್ತಿತೆಂದರೆ ಹಿಂಗಾಲು ಹೋದಂತೆಯೇ.

ಇಂಥ ನಾಯಿಗಳಿಗೆ ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಪಶುವೈದ್ಯರು ಒಂದು ಚಿಕಿತ್ಸೆ ಮಾಡಿ ನೋಡಿದರು, ಫಲಿತಾಂಶ 2012ರಲ್ಲಿ ಬಂತು. ವಾಸನೆ ಹಿಡಿಯುವ ನರಗಳು ಜೀವನವಿಡೀ ಸಾಯುತ್ತಾ, ಹೊಸದಾಗಿ ಹುಟ್ಟುತ್ತಾ ಇರುತ್ತವೆ. ಹೊಸ ಎಳೆ ಮೂಗಿನಿಂದ ಮಿದುಳಿನವರೆಗೆ ಬೆಳೆಯಬೇಕು, ಅಲ್ವಾ? ಅದಕ್ಕೆ ದಾರಿ ಮಾಡಿಕೊಡುವ ಜೀವಕೋಶಗಳು ಅಲ್ಲೇ ಇವೆ. ಅವನ್ನು ನಾಯಿಯ ಮೂಗಿನ ಒಳಪೊರೆಯಿಂದ ತೆಗೆದು, ಲ್ಯಾಬಿನಲ್ಲಿ ವಾರಗಟ್ಟಲೆ ಬೆಳೆಸಿ, ಅದೇ ನಾಯಿಯ ಬೆನ್ನುಹುರಿಗೆ ಪೆಟ್ಟಾದ ಜಾಗದಲ್ಲಿ ಚುಚ್ಚಿದರು.

ಒಟ್ಟು 34 ನಾಯಿ. 23ಕ್ಕೆ ಜೀವಕೋಶ, ಉಳಿದವಕ್ಕೆ ಬರೀ ದ್ರಾವಣ. ಯಾವುದಕ್ಕೆ ಏನು ಕೊಟ್ಟಿದೆ ಎಂದು ಸಾಕಿದವರಿಗೂ ಗೊತ್ತಿಲ್ಲ, ನಡಿಗೆ ಅಳೆಯುವವರಿಗೂ ಗೊತ್ತಿಲ್ಲ. ತಿಂಗಳಿಗೊಮ್ಮೆಯಂತೆ ಆರು ತಿಂಗಳು, ಮೈಗೆ ಪಟ್ಟಿ ಕಟ್ಟಿ ಟ್ರೆಡ್‌ಮಿಲ್ ಮೇಲೆ ನಡೆಸಿ, ಮುಂಗಾಲಿನ ಲಯಕ್ಕೆ ಹಿಂಗಾಲು ಹೊಂದುತ್ತದಾ ಎಂದು ನೋಡಿದರು. ಜೀವಕೋಶ ಪಡೆದ ನಾಯಿಗಳಲ್ಲಿ ಈ ಹೊಂದಾಣಿಕೆ ಚೆನ್ನಾಗಿಯೇ ಸುಧಾರಿಸಿತ್ತು.

ಹಾಗಂತ ಬೆನ್ನುಹುರಿ ಪೂರ್ತಿ ರಿಪೇರಿ ಆಗಲಿಲ್ಲ. ಪೆಟ್ಟಾದ ಜಾಗದ ಆಚೀಚೆ ಪುಟ್ಟ ಸಂಪರ್ಕಗಳು ಕೂಡಿದ್ದಿರಬೇಕು, ಮಿದುಳಿನಿಂದ ಬರುವ ಉದ್ದನೆಯ ಸಂಪರ್ಕ ಮಾತ್ರ ಮರಳಲಿಲ್ಲ. ಸೊಂಟ ಬಿದ್ದ ಮನುಷ್ಯರು ನಡೆಯುವುದಕ್ಕಿಂತ ಎಷ್ಟೋ ಸಲ ಜಾಸ್ತಿ ಬಯಸುವುದು ಮೂತ್ರದ ಹಿಡಿತ. ಅದಕ್ಕೆ ಮಿದುಳಿನ ಸಂಪರ್ಕ ಬೇಕೇ ಬೇಕು.

ಆದರೂ ಈ ಕೆಲಸ ನನಗೆ ದೊಡ್ಡದಾಗಿ ಕಾಣುತ್ತದೆ. ಲ್ಯಾಬಿನಲ್ಲಿ ಇಲಿಗಳ ಬೆನ್ನುಹುರಿಗೆ ಬೇಕೆಂದೇ ಒಂದೇ ಅಳತೆಯ ಗಾಯ ಮಾಡುತ್ತಾರೆ. ಈ ನಾಯಿಗಳು ನಿಜವಾಗಿ ಪೆಟ್ಟು ತಿಂದವು, ಮನುಷ್ಯರಂತೆಯೇ ಒಂದೊಂದರ ಗಾಯ ಒಂದೊಂದು ಥರ. ಪ್ರಯೋಗದ ಲಾಭ ಮೊದಲು ಅವುಗಳಿಗೇ ಸಿಗಬೇಕಾದದ್ದು, ಸಿಕ್ಕಿತು ಕೂಡ.

ಇವೆಲ್ಲ ಹಿಂಗಾಲಲ್ಲಿ ನೋವೂ ಗೊತ್ತಾಗದ ಹಂತಕ್ಕೆ ಹೋಗಿದ್ದ ನಾಯಿಗಳು. ನಿಮ್ಮ ಮನೆಯ ನಾಯಿ ಇದ್ದಕ್ಕಿದ್ದಂತೆ ಹಿಂಗಾಲು ಎಳೆಯತೊಡಗಿದರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಡಿಸ್ಕಿನ ತೊಂದರೆಯಾಗಿದ್ದು, ನೋವು ಗೊತ್ತಾಗುತ್ತಿರುವಾಗಲೇ ಆಪರೇಷನ್ ಆದರೆ ಹೆಚ್ಚಿನ ನಾಯಿಗಳು ಮತ್ತೆ ನಡೆಯುತ್ತವೆ.