ಹಿನ್ನೀರಿನಲ್ಲಿ ಹುಟ್ಟು ಹಾಕುವಾಗ ಫೋನಿನ ಜಿಪಿಎಸ್ ನಂಬಬಹುದಾ?

ಪ್ರಶ್ನೆ: ಸ್ನೇಹಿತರ ಜೊತೆ ಹೊನ್ನೆಮರಡಿಗೆ ಹೋಗಿ, ಹಿನ್ನೀರಿನಲ್ಲಿ ನಾವೇ ಹುಟ್ಟು ಹಾಕಿಕೊಂಡು ನಡುಗಡ್ಡೆಗೆ ಹೋಗಿಬರುವ ಆಸೆ. ಅಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗಲ್ಲ ಅಂತಾರೆ. ಫೋನಿನ ಮ್ಯಾಪ್ ನೋಡಿಕೊಂಡು ಹೋದರೆ ಸಾಕಾ, ಇಲ್ಲ ಬೇರೆ ಜಿಪಿಎಸ್ ಸಾಧನ ಕೊಳ್ಳಬೇಕಾ?

ಉತ್ತರ: ಬೇರೆ ಸಾಧನಕ್ಕೆ ದುಡ್ಡು ಸುರಿಯಬೇಡಿ, ಫೋನೇ ಸಾಕು. ಆದರೆ ಅದರಿಂದ ಯಾವ ಕೆಲಸ ತೆಗೆಯಬೇಕು ಅನ್ನುವುದು ಗೊತ್ತಿರಲಿ. ನೀವು ಎಲ್ಲಿದ್ದೀರಿ ಅಂತ ಫೋನು ಚೆನ್ನಾಗಿ ಹೇಳುತ್ತದೆ. ದೋಣಿಯನ್ನು ಯಾವ ಕಡೆ ತಿರುಗಿಸಬೇಕು ಅನ್ನುವುದನ್ನು ಮಾತ್ರ ನಿಮ್ಮ ಕಣ್ಣಿಗೇ ಬಿಡುವುದು ಒಳ್ಳೆಯದು.

ಮೊದಲು ನೆಟ್‌ವರ್ಕ್ ಭಯ ಬಿಡಿ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಿಂದ ಸಿಗ್ನಲ್ ಕಳಿಸುತ್ತಲೇ ಇರುತ್ತವೆ. ಫೋನು ಅದನ್ನು ಸುಮ್ನೆ ಕೇಳಿಸಿಕೊಳ್ಳುತ್ತದೆ, ತಿರುಗಿ ಏನನ್ನೂ ಕಳಿಸುವುದಿಲ್ಲ. ನಾಲ್ಕು ಉಪಗ್ರಹ ಸಿಕ್ಕರೆ ಜಾಗ ಲೆಕ್ಕ ಹಾಕಬಹುದು. ಹಿನ್ನೀರಿನ ಮೇಲೆ ಆಕಾಶ ಪೂರ್ತಿ ತೆರೆದಿರುವುದರಿಂದ ಹೆಚ್ಚುಕಮ್ಮಿ 5 ಮೀಟರ್ ಒಳಗೆ ನಿಮ್ಮ ಜಾಗ ಸಿಗುತ್ತದೆ. ಬೆಂಗಳೂರಿನ ಎತ್ತರದ ಕಟ್ಟಡಗಳ ನಡುವೆ ಸಿಗುವುದಕ್ಕಿಂತ ಇದು ಎಷ್ಟೋ ಮೇಲು. ಡೇಟಾ ಇದ್ದರೆ ಮೊದಲ ಸಲ ಜಾಗ ಹುಡುಕುವುದು ಬೇಗ ಆಗುತ್ತದೆ, ಅಷ್ಟೇ. ಡೇಟಾ ಇಲ್ಲದಿದ್ದರೆ ದಡದಲ್ಲೇ ಒಂದೆರಡು ನಿಮಿಷ ಫೋನನ್ನು ಬಯಲಿಗೆ ಹಿಡಿದು ಕಾಯಿರಿ.

ನೆಟ್‌ವರ್ಕ್ ಬೇಕಾಗುವುದು ಮ್ಯಾಪಿನ ಚಿತ್ರಕ್ಕೆ. ಅದನ್ನು ಮನೆಯಲ್ಲಿ ವೈಫೈ ಇದ್ದಾಗಲೇ ಇಳಿಸಿಕೊಳ್ಳಬೇಕು. ಗೂಗಲ್ ಮ್ಯಾಪ್ಸ್‌ನಲ್ಲಿ ಆಫ್‌ಲೈನ್ ಮ್ಯಾಪ್ ಸೌಲಭ್ಯ ಇದೆ. ಆದರೆ ನಡುಗಡ್ಡೆಗೆ ದಾರಿ ಕೇಳಬೇಡಿ, ಹುಟ್ಟು ಹಾಕಿ ಹೋಗುವ ದಾರಿ ಅದಕ್ಕೆ ಗೊತ್ತಿಲ್ಲ. ಈ ಕೆಲಸಕ್ಕೆ ನನಗೆ ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಎಸ್ಎಂಆಂಡ್ ಅನ್ನುವ ಮ್ಯಾಪ್ ಆಪ್ ಹೆಚ್ಚು ಇಷ್ಟ. ಎರಡೂ ಪೂರ್ತಿ ಆಫ್‌ಲೈನ್ ಓಡುತ್ತವೆ, ನೀವು ಹೋದ ಜಾಡನ್ನು ಗೆರೆಯಾಗಿ ಉಳಿಸುತ್ತವೆ. ಹೊರಡುವ ಮುಂಚೆ ದೋಣಿ ಕಟ್ಟಿದ ಜಾಗಕ್ಕೆ ಒಂದು ಪಿನ್ ಹಾಕಿಡಿ. ವಾಪಸು ಬರುವಾಗ ಆ ಪಿನ್ ಮತ್ತು ಆ ಗೆರೆ ಇದ್ದರೆ ಮುಕ್ಕಾಲು ಕೆಲಸ ಆದ ಹಾಗೆ.

ಈಗ ಮ್ಯಾಪನ್ನು ಎಲ್ಲಿ ನಂಬಬಾರದು ಅನ್ನುವ ಮಾತು. ಹೊನ್ನೆಮರಡಿನ ನೀರು ಅಂದರೆ ಲಿಂಗನಮಕ್ಕಿಯ ನೀರು. ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಒಳ್ಳೆ ಮಳೆಗಾಲ ಮುಗಿದಾಗ ಅಲ್ಲಿಗೆ ಮುಟ್ಟುವ ನೀರು, ವಿದ್ಯುತ್ತಿಗೆ ಬಿಡುತ್ತಾ ಬಿಡುತ್ತಾ ಬೇಸಿಗೆ ಹೊತ್ತಿಗೆ ಹತ್ತಾರು ಅಡಿ ಕೆಳಗಿಳಿಯುತ್ತದೆ. ದಡ ದೂರ ಸರಿಯುತ್ತದೆ, ಎರಡು ನಡುಗಡ್ಡೆ ಸೇರಿ ಒಂದಾಗುತ್ತವೆ, ಹೊಸ ದಿಬ್ಬಗಳು ಏಳುತ್ತವೆ. 1964ರಲ್ಲಿ ಮುಳುಗಿದ ಹಳೆಯ ಹಿರೇಭಾಸ್ಕರ ಅಣೆಕಟ್ಟೆಯೇ ನೀರು ತೀರಾ ಕಡಿಮೆಯಾದ ವರ್ಷ ಮೇಲೆದ್ದು ಕಾಣುತ್ತದೆ! ಮ್ಯಾಪಿನಲ್ಲಿರುವ ನೀಲಿ ಬಣ್ಣ ಯಾವ ತಿಂಗಳದ್ದು ಅಂತ ಮ್ಯಾಪ್ ಹೇಳುವುದಿಲ್ಲ. ಹಾಗಾಗಿ ಏಪ್ರಿಲ್‌ನಲ್ಲಿ ನಿಮ್ಮ ಚುಕ್ಕಿ ನೀಲಿಯ ನಡುವೆ ಇದ್ದರೂ ನೀವು ಕೆಸರಿನ ಮೇಲೆ ಕೂತಿರಬಹುದು. ನೀರಿನಡಿ ನಿಂತಿರುವ ಹಳೆ ಕಾಡಿನ ಬೊಡ್ಡೆಗಳಂತೂ ಯಾವ ಆಪ್‌ನಲ್ಲೂ ಇಲ್ಲ. ಅವು ಎಲ್ಲೆಲ್ಲಿವೆ ಅಂತ ಗೊತ್ತಿರುವುದು ಅಲ್ಲಿ ದಿನಾ ದೋಣಿ ಬಿಡುವವರಿಗೆ. ಅವರನ್ನು ಕೇಳದೆ ಹೊರಡಬೇಡಿ.

ಇನ್ನೊಂದು ತಲೆನೋವು ದಿಕ್ಕಿನದು. ಕಯಾಕ್ ಆದರೆ ಮುಂದಕ್ಕೆ ಮುಖ ಮಾಡಿ ಕೂರುತ್ತೀರಿ, ತೊಂದರೆ ಕಡಿಮೆ. ಎರಡು ಕಡೆ ಹುಟ್ಟು ಎಳೆಯುವ ದೋಣಿಯಲ್ಲಿ ನಿಮ್ಮ ಬೆನ್ನು ಹೋಗುವ ಕಡೆಗೆ, ಮುಖ ಬಿಟ್ಟುಬಂದ ದಡಕ್ಕೆ. ಮ್ಯಾಪನ್ನು ಹೋಗುವ ದಿಕ್ಕು ಮೇಲೆ ಬರುವ ಹಾಗೆ ಇಟ್ಟರೆ, ಪರದೆಯಲ್ಲಿ ಬಲಕ್ಕೆ ಕಾಣುವ ಗುಡ್ಡ ನಿಮ್ಮ ಎಡಕ್ಕಿರುತ್ತದೆ. ಸುಸ್ತಾದಾಗ ಇದೊಂದೇ ಸಾಕು ದಾರಿ ತಪ್ಪೋಕೆ. ಇದಕ್ಕೆ ಫೋನನ್ನು ನಿಮ್ಮ ಕಾಲ ಬಳಿ, ಅದರ ತಲೆ ನಿಮ್ಮಿಂದ ಆಚೆ ಇರುವ ಹಾಗೆ ಕಟ್ಟಿ, ಕಂಪಾಸ್ ಮೋಡ್ (ಫೋನು ತಿರುಗಿದಂತೆ ಮ್ಯಾಪೂ ತಿರುಗುವ ಸೆಟ್ಟಿಂಗ್) ಹಾಕಿ. ಆಗ ಪರದೆಯ ಮೇಲ್ಭಾಗ ನಿಮ್ಮ ಕಣ್ಣಿಗೆ ಕಾಣುವ ಕಡೆಯೇ ಇರುತ್ತದೆ, ಎಡಬಲ ಹೊಂದುತ್ತದೆ. ಚುಕ್ಕಿ ಕೆಳಕ್ಕೆ ಸರಿಯುತ್ತಾ ಹೋಗುವುದು ಮಾತ್ರ ಮೊದಮೊದಲು ವಿಚಿತ್ರ ಅನ್ನಿಸುತ್ತದೆ. ಆಯಸ್ಕಾಂತದ ಹೋಲ್ಡರ್ ಬೇಡ, ಅದು ಕಂಪಾಸನ್ನು ಕೆಡಿಸುತ್ತದೆ. ಹರಿಗೋಲಿನಲ್ಲಿ ಹೋಗುವವರು ಇದ್ಯಾವುದನ್ನೂ ಮಾಡದೆ ಉತ್ತರ ದಿಕ್ಕು ಮೇಲಿರುವಂತೆ ಮ್ಯಾಪನ್ನು ನಿಲ್ಲಿಸಿಬಿಡಿ. ಹರಿಗೋಲು ತಿರುಗುತ್ತಲೇ ಇರುತ್ತದೆ, ಮ್ಯಾಪೂ ಜೊತೆಗೆ ತಿರುಗಿದರೆ ನೋಡುವವರಿಗೆ ತಲೆ ಸುತ್ತುತ್ತದೆ ಅಷ್ಟೇ.

ಬೆನ್ನು ಹಾಕಿ ಕೂರುವುದರಲ್ಲಿ ಒಂದು ಲಾಭವೂ ಇದೆ. ಬಿಟ್ಟುಬಂದ ದಡದಲ್ಲಿ ಎರಡು ಗುರುತು ಹಿಡಿಯಿರಿ: ನೀರಂಚಿನ ಒಂದು ಬಂಡೆ, ಅದರ ನೇರ ಹಿಂದೆ ಮೇಲೊಂದು ಒಂಟಿ ಮರ. ಎರಡೂ ಒಂದೇ ಸಾಲಿನಲ್ಲಿ ಇರುವಷ್ಟು ಹೊತ್ತು ನೀವು ನೇರ ಹೋಗುತ್ತಿದ್ದೀರಿ. ಮರ ಬಂಡೆಯಿಂದ ಪಕ್ಕಕ್ಕೆ ಜರುಗಿತೋ, ಗಾಳಿ ನಿಮ್ಮನ್ನು ತಳ್ಳುತ್ತಿದೆ ಅಂತ ಅರ್ಥ. ಇದು ಫೋನಿಗಿಂತ ಬೇಗ ಗೊತ್ತಾಗುತ್ತದೆ, ಕೈಯೂ ಖಾಲಿಯಾಗಬೇಕಿಲ್ಲ. ಹೋಗುವ ದಿಕ್ಕಿಗೆ ಸರಿಯಾಗಿ ಆ ಸಾಲನ್ನು ಆರಿಸಿಕೊಳ್ಳಲು ಮಾತ್ರ ಹೊರಡುವಾಗ ಮ್ಯಾಪ್ ನೋಡಿ. ಆಮೇಲೆ ಉಸಿರು ತೆಗೆದುಕೊಳ್ಳಲು ನಿಂತಾಗ ಒಮ್ಮೆ ಚುಕ್ಕಿ ನೋಡಿದರೆ ಆಯಿತು. ಆಗಾಗ ಭುಜದ ಮೇಲಿಂದ ತಿರುಗಿ ಮುಂದೇನಿದೆ ಅಂತಲೂ ನೋಡುತ್ತಿರಬೇಕು, ಅಲ್ವಾ?

ಫೋನಿನ ಆರೈಕೆ ದೊಡ್ಡ ವಿಷಯವಲ್ಲ. ನೀರು ತಾಗದ ಪೌಚಿಗೆ ಹಾಕಿ ದಾರದಿಂದ ಮೈಗೋ ದೋಣಿಗೋ ಕಟ್ಟಿ. ಹಿಂದಿನ ದಿನ ಪೌಚಿನೊಳಗೆ ಟಿಶ್ಯೂ ಕಾಗದ ಇಟ್ಟು ಬಕೆಟ್ಟಿನಲ್ಲಿ ಮುಳುಗಿಸಿ ಪರೀಕ್ಷೆ ಮಾಡಿ. ಪರದೆ ಮೇಲೆ ಹನಿ ಬಿದ್ದರೆ ಟಚ್ ತನಗಿಷ್ಟ ಬಂದಂತೆ ಆಡುತ್ತದೆ, ಹಾಗಾಗಿ ಜಾಡು ದಾಖಲಿಸುವುದನ್ನು ದಡದಲ್ಲೇ ಶುರು ಮಾಡಿ. ಏರೋಪ್ಲೇನ್ ಮೋಡಿನಲ್ಲೂ ಜಿಪಿಎಸ್ ಓಡುತ್ತದೆ. ಟವರ್ ಹುಡುಕುವ ಖರ್ಚು ಉಳಿಯುವುದರಿಂದ ಬ್ಯಾಟರಿ ಜಾಸ್ತಿ ಹೊತ್ತು ಬರುತ್ತದೆ. ಪರದೆ ಆರಿದ ಮೇಲೆ ಕೆಲವು ಫೋನು ಆಪನ್ನೇ ನಿಲ್ಲಿಸಿಬಿಡುತ್ತವೆ. ಬ್ಯಾಟರಿ ಸೆಟ್ಟಿಂಗಿನಲ್ಲಿ ಆ ಆಪ್‌ಗೆ ನಿರ್ಬಂಧ ತೆಗೆದಿಡಿ. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿದ್ದು ಪರದೆ ಕಪ್ಪಾಗಿ ಕಂಡರೆ ಫೋನು ಕೆಟ್ಟಿಲ್ಲ, ಅಡ್ಡಕ್ಕೆ ತಿರುಗಿಸಿ ನೋಡಿ.

ಜಿಪಿಎಸ್ ನಿಮಗೆ ನಿಮ್ಮ ಜಾಗ ಹೇಳುತ್ತದೆಯೇ ಹೊರತು ದಡದಲ್ಲಿರುವವರಿಗೆ ಹೇಳುವುದಿಲ್ಲ. ನೆಟ್‌ವರ್ಕ್ ಇಲ್ಲದ ಕಡೆ ಲೊಕೇಶನ್ ಶೇರ್ ಆಗುವುದಿಲ್ಲ, ಸಹಾಯಕ್ಕೆ ಫೋನ್ ಮಾಡಲೂ ಆಗದೆ ಹೋಗಬಹುದು. ಸ್ಯಾಟಲೈಟ್ ಫೋನ್ ತರಿಸೋಣ ಅನ್ನುವ ಯೋಚನೆ ಇದ್ದರೆ, ನಮ್ಮ ದೇಶದಲ್ಲಿ ಅದನ್ನು ಸರ್ಕಾರದ ಅನುಮತಿ ಇಲ್ಲದೆ ಬಳಸುವಂತಿಲ್ಲ. ಯಾವ ನಡುಗಡ್ಡೆಗೆ ಹೋಗುತ್ತೀರಿ, ಎಷ್ಟು ಗಂಟೆಯೊಳಗೆ ವಾಪಸು ಬರುತ್ತೀರಿ ಅನ್ನುವುದನ್ನು ಹೊರಡುವಾಗ ಅಲ್ಲಿನ ತರಬೇತುದಾರರ ಹತ್ತಿರ ಹೇಳಿಹೋಗಿ. ಲೈಫ್ ಜಾಕೆಟ್ಟಿನ ಬಕಲ್ ಹಾಕಿದ ಮೇಲೇ ಫೋನ್ ಕೈಗೆತ್ತಿಕೊಳ್ಳಿ.